ಹೆರಿಗೆ ಕೋಣೆಗೆ ಕೆಂಪು ಗಾಜು

ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದರೆ ಯಾರಿಗೆ ತಾನೇ ಕಾಣುವುದಿಲ್ಲ? ಕಳೆದ ಮಂಗಳವಾರ ಮಸ್ಕಿಯ ನಮ್ಮ ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ಅದೂ ಮಟಮಟ ಮಧ್ಯಾಹ್ನ.

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ.

ನನ್ನ ತಂಗಿ ಶರಣಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳು ಬರುವ ಹೊತ್ತಿಗೆ ನನಗೆ ಬೆಳಕಿನ ಚಿಕಿತ್ಸೆಯ ಹುಚ್ಚು ಹಿಡಿದಿತ್ತು. ರಾಯಚೂರಿನಲ್ಲಿ ಒಂದು ಹಳೇ ಉರ್ದು ಪುಸ್ತಕ ಸಿಕ್ಕಿತ್ತು. (ಸರ್ಕಾರಿ ಶಾಲೆಯಲ್ಲಿ ದಿನವೂ ಉರ್ದುವಿನಲ್ಲೇ ಪಾಠ ಹೇಳುವ ಮಾಸ್ತರನಿಗೆ ಅದನ್ನು ಓದುವುದು ಏನು ದೊಡ್ಡದು?) ನೀಲಿ ಸೀಸೆಯಲ್ಲಿ ನೀರು ತುಂಬಿ, ದಿನವಿಡೀ ಬಿಸಿಲಿಗಿಟ್ಟು ಕುಡಿದರೆ ತಲೆನೋವು ಮಾಯ ಎಂದು ಬರೆದಿತ್ತು. ಕುಡಿದೆ. ತಲೆನೋವು ಹೋಯಿತು. ಅಲ್ಲಿಂದ ಆ ಪುಸ್ತಕದ ಮಾತೆಂದರೆ ನನಗೆ ವೇದವಾಯಿತು.

ಅದರಲ್ಲೇ ಇನ್ನೊಂದು ಪುಟವಿತ್ತು. ಕೆಂಪು ಗಾಜಿನ ಮೂಲಕ ಬಂದ ಬಿಸಿಲು ಗರ್ಭಿಣಿಯ ಮೈಮೇಲೆ ಬಿದ್ದರೆ ಬೇನೆ ಬಿರುಸಾಗುತ್ತದೆ, ಹೆರಿಗೆ ಹಗುರಾಗುತ್ತದೆ ಎಂದು. ನಮ್ಮ ಹೆರಿಗೆ ಕೋಣೆಗಳು ಹೇಗಿರುತ್ತವೆ, ನಿಮಗೆ ಗೊತ್ತಲ್ಲ? ಕತ್ತಲು, ಹೊಗೆ, ಬಾಗಿಲಿಗೆ ಗೋಣಿತಟ್ಟು. ಇರುವ ಒಂದೇ ಸಣ್ಣ ಕಿಟಕಿಗೆ ಕೆಂಪು ಗಾಜು ತರಿಸಿ, ಚೌಕಟ್ಟು ಮಾಡಿಸಿ, ಹೊರಗಿನಿಂದ ಮೊಳೆ ಹೊಡೆದೆ. ಬಿಳಿ ಬೆಳಕು ಒಂದು ಎಳೆಯೂ ನುಸುಳಬಾರದೆಂದು ಸಂದಿಗೆಲ್ಲ ಮಣ್ಣು ಮೆತ್ತಿದೆ. ಎಂಥ ಶ್ರದ್ಧೆ ನೋಡಿ!

ಮಂಗಳವಾರ ಬೆಳಗ್ಗೆ ಬೇನೆ ಶುರುವಾಯಿತು. ಸೂಲಗಿತ್ತಿ ಹುಸೇನಮ್ಮ ಬಂದಳು. ನನ್ನನ್ನೂ ಶರಣಮ್ಮನನ್ನೂ ಈ ಲೋಕಕ್ಕೆ ತಂದವಳು ಇದೇ ಹುಸೇನಮ್ಮ. ಕೋಣೆಯೊಳಗೆ ಕಾಲಿಟ್ಟವಳೇ ಹಿಂದಕ್ಕೆ ಬಂದು ನಿಂತಳು.

"ಮಾಸ್ತರ್ರಿ, ಇದೇನ್ರಿ ಇದು? ಎಲ್ಲಾ ಒಂದ ಬಣ್ಣ ಕಾಣಾಕತ್ತೈತಿ. ನನಗ ನೆಟ್ಟಗ ಏನೂ ಕಾಣವಲ್ದು."

"ಇದು ಸೈನ್ಸ್, ಹುಸೇನಮ್ಮ. ನಿನಗ ತಿಳಿಯಂಗಿಲ್ಲ. ನಿನ್ನ ಕೆಲಸ ನೀ ಮಾಡು."

ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಓದಿದವನ ಎದುರು ಇನ್ನೇನು ವಾದ ಮಾಡಿಯಾಳು?

ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನಾನು ಪಡಸಾಲೆಯಲ್ಲಿ ಕಿವಿಯಾಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಅಳು ಕೇಳಿತು. "ಹೆಣ್ಣು! ಮಾಸೂ ಬಿತ್ತು, ಎಲ್ಲಾ ಸುಸೂತ್ರ ಆತಪ್ಪ" ಎಂದು ಅವ್ವ ಒಳಗಿನಿಂದಲೇ ಕೂಗಿದಳು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ತಂಗಿಯ ನೆನಪಾಗಲಿಲ್ಲ. ಗೆದ್ದೆ ಅನ್ನಿಸಿತು. ಪತ್ರಿಕೆಗೆ ನಾನು ಬರೆಯುವ ಈ ವಾರದ ಅಂಕಣದ ಮೊದಲ ಸಾಲು ಹೊಳೆದೇಬಿಟ್ಟಿತ್ತು.

ಆಗ ಶರಣಮ್ಮನ ಸಣ್ಣ ದನಿ ಕೇಳಿತು.

"ಯವ್ವಾ, ಚಳಿ ಆಗಾಕತ್ತೈತಿ."

"ಇಂಥಾ ಬಿಸಿಲಾಗ ಎಲ್ಲೀ ಚಳಿ?" ಅಂದಳು ಅವ್ವ.

ಹೌದಲ್ಲ? ಮಸ್ಕಿಯ ಬೇಸಿಗೆ. ಕಲ್ಲೂ ಬೆವರುವ ಹೊತ್ತು. ಈ ಹುಡುಗಿಗೆ ಎಲ್ಲಿಯ ಚಳಿ? ಎದ್ದು ಬಾಗಿಲಿನ ಗೋಣಿತಟ್ಟಿನ ಹತ್ತಿರ ಹೋಗಿ ನಿಂತೆ.

"ಶರಣೀ... ಮಗಳ, ಮಾತಾಡು" ಎಂದಳು ಹುಸೇನಮ್ಮ. ಉತ್ತರವಿಲ್ಲ. ಮತ್ತೊಮ್ಮೆ ಕರೆದಳು. ಇಲ್ಲ. ಅವಳ ಕೆಳಗೆ ಹಾಸಿದ ಧೋತರ ನೋಡುವವರ ಕಣ್ಣಿಗೆ ಮೊದಲು ಹೇಗಿತ್ತೋ ಹಾಗೇ ಇತ್ತಂತೆ. ಆ ಬೆಳಕಿನಲ್ಲಿ ಬಿಳಿ ಬಟ್ಟೆಯೂ ಕೆಂಪೇ, ರಕ್ತವೂ ಕೆಂಪೇ. ಹುಸೇನಮ್ಮ ಸಂಶಯ ಬಂದು ಕೈ ಹಾಕಿ ನೋಡಿದ್ದಾಳೆ. ಮುಂಗೈವರೆಗೂ ತೊಯ್ದಿದೆ.

"ಲೇ ಬಸ್ಯಾ! ಆ ಕಿಟಕಿ ಕಿತ್ತು ಒಗಿ! ಹುಡುಗಿ ಹೊಂಟಾಳೋ!"

ನಾನು ಮಾಸ್ತರನಾದ ಮೇಲೆ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಹಿತ್ತಲಿಗೆ ಓಡಿದೆ. ನಾನೇ ಹೊಡೆದ ಮೊಳೆಗಳು, ಒಂದೂ ಅಲುಗಲಿಲ್ಲ. ಹಾರೆ ತಂದು ಮೀಟಿದೆ. ಚೌಕಟ್ಟು ಕಿತ್ತುಬಂದು ಹೊರಗೆ ಬಿದ್ದು ಗಾಜು ಚೂರಾಯಿತು. ಬಿಳಿ ಬೆಳಕು ಒಳಗೆ ಹೋಯಿತು.

ನೋಡಬಾರದಿತ್ತು. ನೋಡಿದೆ. ಧೋತರಗಳು, ಚಾಪೆ, ಚಾಪೆಯಾಚೆಯ ಮಣ್ಣಿನ ನೆಲ. ನಡುವೆ ನನ್ನ ತಂಗಿಯ ಮುಖ ಸುಣ್ಣ. ಅವ್ವನ ಬಾಯಿಂದ ಬಂದದ್ದು ಅಳುವಲ್ಲ. ಆ ಸದ್ದಿಗೆ ನನ್ನ ಬಳಿ ಪದವಿಲ್ಲ.

ಲಿಂಗಸುಗೂರಿನ ದವಾಖಾನೆಗೆ ಹೋಗಲು ದಿನಕ್ಕೊಂದೇ ಮೋಟಾರು ಬಸ್ಸು, ಅದು ಬೆಳಗ್ಗೆಯೇ ಹೋಗಿತ್ತು. ಗಾಡಿ ಹೂಡಿದರೆ ಮುಟ್ಟುವುದು ಕತ್ತಲಾದ ಮೇಲೆ. ಅಷ್ಟು ಹೊತ್ತು ಯಾರ ಬಳಿ ಇತ್ತು?

ಹುಸೇನಮ್ಮ ಆಗಲೇ ಶರಣಮ್ಮನ ಹೊಟ್ಟೆಯ ಮೇಲೆ ಮುಷ್ಟಿಯಿಟ್ಟು ಅದುಮಿ ಅದುಮಿ ತಿಕ್ಕತೊಡಗಿದ್ದಳು. "ಕೂಸಿನ ಬಾಯಿ ಮೊಲಿಗೆ ಹಚ್ಚವ್ವ. ಹೊಟ್ಟಿ ಕಲ್ಲಾಗಬೇಕು, ಅಂದ್ರ ನಿಲ್ತೈತಿ" ಎಂದು ಅವ್ವನಿಗೆ ಹೇಳಿದಳು. ಆಮೇಲೆ ನನಗೆ: "ಈ ಬೆಳಕು ಸಾಲಂಗಿಲ್ಲ. ಕಂದೀಲು ತಾ."

ಕಂದೀಲಿನಲ್ಲಿ ಎಣ್ಣೆ ಎಲ್ಲಿದೆ? ಯುದ್ಧ ಶುರುವಾದಾಗಿನಿಂದ ಸೀಮೆಎಣ್ಣೆಗೆ ಬಂದ ಬರ ನಿಮಗೆ ಬೇರೆ ಹೇಳಬೇಕೆ?

"ಕನ್ನಡಿ ಐತಿಲ್ಲೋ? ಬಿಸಿಲು ಒಳಗ ಹೊಡಿ!"

ಗಡ್ಡ ಮಾಡಿಕೊಳ್ಳುವ ಕನ್ನಡಿ ಹಿಡಿದು ಹಿತ್ತಲ ಬಿಸಿಲಿನಲ್ಲಿ ನಿಂತೆ. ಸೂರ್ಯನನ್ನು ಹಿಡಿದು ಕಿಟಕಿಯೊಳಗೆ ಎಸೆದೆ. ಕಾಲ ಕೆಳಗೆ ನೆಲ ಕಾಯ್ದ ಹಂಚು. ಚಪ್ಪಲಿ ಹಾಕಿಕೊಂಡಿರಲಿಲ್ಲ ಎಂದು ಗೊತ್ತಾದದ್ದು ಸಂಜೆಗೆ, ಅಂಗಾಲಿನಲ್ಲಿ ಬೊಬ್ಬೆ ಎದ್ದ ಮೇಲೆ.

"ಬೆಳಕು ನಡುಗಾಕತ್ತೈತಿ, ಗಟ್ಟಿ ಹಿಡಿಯೋ!"

ಹೇಗೆ ಹಿಡಿಯಲಿ? ಎರಡೂ ಮೊಣಕೈಗಳನ್ನು ಕಿಟಕಿಯೆದುರಿನ ಹಿತ್ತಲ ಗೋಡೆಯ ಮೇಲೆ ಊರಿ ಹಿಡಿದೆ. ಕಣ್ಣು ಮುಚ್ಚಿದೆ. ಒಳಗಿನಿಂದ ತಿಕ್ಕುವ ಸದ್ದು, ಹುಸೇನಮ್ಮನ ಏದುಸಿರು, ಕೂಸಿನ ಚೀಪಾಟ. ತಂಗಿಯ ಸದ್ದು ಮಾತ್ರ ಇಲ್ಲ. ಅವಳು ಸತ್ತಿದ್ದಾಳೆ, ಇವರು ನನಗೆ ಹೇಳುತ್ತಿಲ್ಲ ಎಂದೇ ತಿಳಿದೆ. ಎಷ್ಟು ಹೊತ್ತೋ. ಸೂರ್ಯ ಜರುಗಿದಂತೆ ನಾನೂ ಎರಡು ಸಲ ಜರುಗಿ ನಿಂತೆ.

ಕೊನೆಗೆ ಶರಣಮ್ಮ ಚೀರಿದಳು. "ನೋಯ್ತೈತಿ, ಬಿಡ ಯಮ್ಮಾ!"

"ಚೀರು ಮಗಳ, ಚೀರು" ಎಂದಳು ಹುಸೇನಮ್ಮ. "ಹೊಟ್ಟಿ ಗಟ್ಟಿ ಆತು. ರಕ್ತ ನಿಂತೈತಿ."

ಮರುದಿನ ಲಿಂಗಸುಗೂರಿನಿಂದ ಡಾಕ್ಟರು ಬಂದರು. ನಾಡಿ ನೋಡಿದರು, ಔಷಧ ಕೊಟ್ಟರು. ಆ ಮುದುಕಿಯ ಕೈ ಇರದಿದ್ದರೆ ತಮ್ಮನ್ನು ಕರೆಸುವ ಕೆಲಸವೇ ಇರುತ್ತಿರಲಿಲ್ಲ ಎಂದರು. ಗಾಜಿನ ಕತೆಯನ್ನು ನಾನೇ ಒಪ್ಪಿಕೊಂಡೆ. "ಫೋಟೋ ತೊಳೆಯೋ ಕೋಣೆ ಮಾಡಿದ್ರೇನ್ರಿ ಮಾಸ್ತರ್?" ಎಂದಷ್ಟೇ ಕೇಳಿ ಮೋಟಾರು ಹತ್ತಿದರು.

ಶರಣಮ್ಮ ಬದುಕಿದ್ದಾಳೆ. ಎದ್ದು ನಿಲ್ಲಲು ಇನ್ನೂ ಆಗುತ್ತಿಲ್ಲ. ಅವಳು ಮಲಗಿದಾಗ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ಮೊನ್ನೆ ಹಾಗೆ ಹಿಡಿದಾಗ ಕಣ್ಣು ಬಿಟ್ಟಳು.

"ಅಣ್ಣಾ, ಅವತ್ತು ಆ ಬೆಳಕಿನ್ಯಾಗ ಅವ್ವನ ಮುಖಾನೂ ಬ್ಯಾರೆ ಯಾರದೋ ಕಂಡಂಗ ಕಾಣ್ತಿತ್ತು. ಬಾಳ ಅಂಜಿಕಿ ಆಗಿತ್ತು."

"ಮತ್ತ ಯಾಕ ಹೇಳಲಿಲ್ಲ ನೀ?"

"ನೀ ಓದಿದಾವ. ನಿನಗೇನಂತ ಹೇಳಲಿ?"

ಈಗ ನನ್ನ ನಿದ್ದೆ ಕೆಡಿಸಿರುವ ಮಾತಿಗೆ ಬರುತ್ತೇನೆ. ಮೂರು ವಾರದ ಹಿಂದೆ, ಒಂದು ಹೆರಿಗೆಯನ್ನೂ ಕಾಣದೆ, ಇದೇ ಅಂಕಣದಲ್ಲಿ ಕೆಂಪು ಗಾಜನ್ನು ಹೊಗಳಿ ಬರೆದಿದ್ದೆ. ಸಿಂಧನೂರಿನ ಹಿರಿಯರೊಬ್ಬರು ಕಾರ್ಡು ಹಾಕಿ, ದಿನ ತುಂಬಿದ ತಮ್ಮ ಸೊಸೆಗೂ ಮಾಡಬಹುದೇ ಎಂದು ಕೇಳಿದ್ದರು. ಅಗತ್ಯವಾಗಿ ಮಾಡಿರಿ ಎಂದು ಬರೆದಿದ್ದೆ. ಬೇಡವೆಂದು ಬುಧವಾರವೇ ಇನ್ನೊಂದು ಕಾರ್ಡು ಹಾಕಿದೆ. ಉತ್ತರ ಬಂದಿಲ್ಲ. ನಾಳೆ ಮೋಟಾರು ಹತ್ತಿ ಅವರ ಮನೆಗೆ ನಾನೇ ಹೋಗುತ್ತಿದ್ದೇನೆ.

ಆದರೆ ಕಾರ್ಡು ಬರೆಯದೆ, ನನ್ನನ್ನು ಸುಮ್ಮನೆ ನಂಬಿ ಗಾಜು ತಂದವರ ಮನೆಗೆ ಯಾವ ಮೋಟಾರು ಹತ್ತಲಿ?