ಲಾಂಡ್ರಿ ಅಕ್ಕನ ದಿವಾಳಿ

ಬ್ಯಾಂಕಿನವರು ಯಂತ್ರಗಳನ್ನು ಲಾರಿಗೇರಿಸಿಕೊಂಡು ಹೋದ ಮೇಲೂ ಅಂಗಡಿಯಲ್ಲಿ ಅವು ತಿರುಗುವ ಸದ್ದು ನಿಲ್ಲಲಿಲ್ಲ. ಪಕ್ಕದ ಗಾಡಿ ರಿಪೇರಿಯವನ ಕಂಪ್ರೆಸರ್ ಇರಬೇಕೆಂದು ಲಾಂಡ್ರಿ ಅಕ್ಕ ಮೊದಮೊದಲು ಸಮಾಧಾನ ಮಾಡಿಕೊಂಡಳು. ಆದರೆ ಭಾನುವಾರ ಅವನ ಶೆಡ್ಡಿಗೆ ಬೀಗ ಬಿದ್ದಿದ್ದಾಗಲೂ, ದೊಡ್ಡ ಯಂತ್ರ ಬಟ್ಟೆ ಹಿಂಡಲು ಶುರುಮಾಡುತ್ತಿದ್ದ ಹೊತ್ತಿಗೆ ಸರಿಯಾಗಿ, ಅಂಗಾಲಿನಡಿ ನೆಲ ಗುಂಯ್ ಎಂದಿತು. ಯಂತ್ರ ಕೂತಿದ್ದ ಕಡೆ ತುಕ್ಕಿನ ಕಲೆ ಬಿಟ್ಟರೆ ಏನೂ ಇರಲಿಲ್ಲ. ಅವಳು ಬಗ್ಗಿ ಆ ಕಲೆಯ ಮೇಲೆ ಕೈಯಿಟ್ಟು ನೋಡಿದಳು. ತಣ್ಣಗಿತ್ತು.

ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಹೆಂಡತಿ ಸೇರಿ ಒಂದು ಇಸ್ತ್ರಿ ಮೇಜಿನಿಂದ ಶುರುಮಾಡಿದ ಅಂಗಡಿ ಅದು. ಗಂಡ ತೀರಿಕೊಂಡ ಮೇಲೂ ಅವಳು ಎದೆಗುಂದದೆ ನಡೆಸಿದಳು. ಊರಿನ ದೊಡ್ಡ ಹೋಟೆಲೊಂದು ತನ್ನ ಹಾಸಿಗೆ ಬಟ್ಟೆ, ಮೇಜುಬಟ್ಟೆಗಳ ಕೆಲಸವನ್ನೆಲ್ಲ ಅವಳಿಗೇ ವಹಿಸಿದಾಗ ಬ್ಯಾಂಕಿನಿಂದ ಸಾಲ ತೆಗೆದು ದೊಡ್ಡ ಯಂತ್ರ, ಬಾಯ್ಲರು ತಂದಳು. ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಒಗೆದ ಬಟ್ಟೆಯ ಗಂಟುಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋದರೆ ಹೋಟೆಲಿನ ಗೇಟಿಗೆ ಸರಪಳಿ ಬಿದ್ದಿತ್ತು. ಮಾಲೀಕ ಕೈಯೆತ್ತಿ ಊರು ಬಿಟ್ಟಿದ್ದ. ಕಾವಲಿನವನು, "ನಂಗೂ ಸಂಬಳ ಬಂದಿಲ್ಲ ಅಕ್ಕಾ," ಎಂದು ಬೇರೆ ಕಡೆ ಮುಖ ಮಾಡಿಕೊಂಡ.

ಆಮೇಲೆ ನಡೆದದ್ದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ, ಅಥವಾ ನೆನಪಿಸಿಕೊಳ್ಳಲು ಇಷ್ಟವಿರಲಿಲ್ಲ. ಬ್ಯಾಂಕಿನ ಕಂತಿಗೆ ಫೈನಾನ್ಸಿನವರಲ್ಲಿ ಸಾಲ, ಫೈನಾನ್ಸಿನ ಕಂತಿಗೆ ಕ್ರೆಡಿಟ್ ಕಾರ್ಡು, ಕಾರ್ಡಿಗೆ ಇನ್ನೊಂದು ಕಾರ್ಡು. ಕೊನೆಗೆ ಯಾರಿಗೆ ಎಷ್ಟು ಎಂದು ಕೇಳಿದರೆ ಅವಳಿಗೇ ತಲೆ ಗಿರ್ರೆನ್ನುತ್ತಿತ್ತು.

ಮನೆಗೆ ಬಂದು ಕೂಗಾಡುವವರಿಗೆ ಅವಳು ಹೆದರಲಿಲ್ಲ. ಅವಳಿಗೂ ಬಾಯಿತ್ತು. ಹೆದರಿಸಿದ್ದು ಸಾಲ ವಸೂಲಿಗೆಂದು ಫೋನಿನಲ್ಲಿ ಬರುತ್ತಿದ್ದ ಒಂದು ದನಿ. ಆ ಮನುಷ್ಯ ಒಂದು ದಿನವೂ ದನಿ ಏರಿಸಲಿಲ್ಲ.

"ಊಟ ಆಯ್ತಾ ಅಮ್ಮಾ?" ಎಂದೇ ಅವನ ಮಾತು ಶುರು.

"ಆಯ್ತಪ್ಪ."

"ಇವತ್ತು ಅಂಗಡಿ ಬಾಗಿಲು ಅರ್ಧನೇ ತೆಗೆದಿದ್ದೀರಿ. ಮೈ ಹುಷಾರಿಲ್ವಾ?"

ಅವಳು ಗಾಬರಿಯಿಂದ ಬೀದಿಗೆ ಇಣುಕುತ್ತಿದ್ದಳು. ಬಸ್ಸಿಗೆ ಕಾಯುವವರು, ಗಾಡಿ ರಿಪೇರಿಗೆ ಬಂದವರು, ಗೋಡೆಗೆ ಒರಗಿ ಫೋನು ನೋಡುವವರು. ಅವರಲ್ಲಿ ಯಾರು? ಯಾರೂ ಇರಲಿಕ್ಕಿಲ್ಲ, ಎಲ್ಲರೂ ಇರಬಹುದು. ಮಾತು ಮುಗಿಸುವಾಗ ಅವನು, "ಏನಾದ್ರೂ ದಾರಿ ಮಾಡಿ ಅಮ್ಮಾ, ನಾಳೆ ಮತ್ತೆ ಮಾಡ್ತೀನಿ," ಎನ್ನುತ್ತಿದ್ದ. ಅವಳು ಫೋನನ್ನು ಟವೆಲ್ಲುಗಳ ರಾಶಿಯೊಳಗೆ ಹುಗಿದಿಟ್ಟಳು. ರಾಶಿಯೊಳಗಿಂದಲೇ ಅದು ನಡುಗುತ್ತಿತ್ತು.

ಅಂಗಡಿಯಲ್ಲಿ ಉಳಿದದ್ದು ಒಂದು ಉದ್ದನೆಯ ಕಂಬಿ, ಅದರಲ್ಲಿ ಗಿರಾಕಿಗಳು ಕೊಟ್ಟುಹೋಗಿ ಮರೆತ ಬಟ್ಟೆ. ಪ್ಲಾಸ್ಟಿಕ್ ಕವರಿನೊಳಗೆ ಶರಟು, ಪ್ಯಾಂಟು, ಕೋಟುಗಳು ತಲೆಯಿಲ್ಲದವರ ಸಾಲಿನಂತೆ ನೇತಾಡುತ್ತಿದ್ದವು. ಫ್ಯಾನ್ ಹಾಕಿದರೆ ಒಂದರ ತೋಳು ಇನ್ನೊಂದರ ಬೆನ್ನು ಸವರುತ್ತಿತ್ತು. ಸಾಲಿನ ತುದಿಯಲ್ಲಿ ಒಂದು ಕರಿ ಕೋಟು. ಅದು ಮಾತ್ರ ಗೋಡೆಗೆ ಮುಖ ಮಾಡಿ ನಿಂತವರ ಹಾಗೆ ಕಾಣುತ್ತಿತ್ತು. ಅವಳು ಆ ಕಡೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ದಿವಾಳಿ ಅರ್ಜಿ ಹಾಕು ಎಂದು ಹೇಳಿದ್ದು ಗಾಡಿ ರಿಪೇರಿಯವನು. ಅವನ ಭಾವಮೈದ ಹಾಕಿದ್ದನಂತೆ. "ವಕೀಲರು ಪಕೀಲರು ಏನೂ ಬೇಡ ಅಕ್ಕಾ. ಕೋರ್ಟಿನ ಹೊರಗೆ ಟೈಪ್ ಮಾಡೋರು ಕೂತಿರ್ತಾರೆ, ಅವರೇ ಎಲ್ಲ ತುಂಬಿಕೊಡ್ತಾರೆ." ವಕೀಲರ ಫೀಸು ಉಳಿಯುತ್ತದೆಂದರೆ ಅವಳಿಗೂ ಅದೇ ಸರಿ ಎನಿಸಿತು.

ಟೈಪ್ ಮಾಡುವವನು ಮರದ ಕೆಳಗೆ ಕೂತಿದ್ದ. ಅವಳ ಸಾಲಗಳನ್ನೆಲ್ಲ ಯಾರದೋ ಮನೆಯ ಸಾಮಾನು ಬರೆದುಕೊಳ್ಳುವಂತೆ ಬಡಿದುಕೊಂಡು ಹೋದ. ಒಂದು ಕಡೆ ಬೆರಳು ನಿಲ್ಲಿಸಿ, "ಈಚೆಗೆ ನೆಂಟರಿಗೆ ಯಾರಿಗಾದ್ರೂ ದುಡ್ಡು, ಆಸ್ತಿ ಕೊಟ್ಟಿದ್ದೀರಾ? ಇಲ್ಲ ಅಂತ ಹೊಡೀಲಾ?" ಎಂದ.

ಲಾಂಡ್ರಿ ಅಕ್ಕನಿಗೆ ಅಣ್ಣನ ನೆನಪಾಯಿತು. ಯಂತ್ರ ಕೊಳ್ಳುವಾಗ ಅಣ್ಣ ತನ್ನ ನಿವೃತ್ತಿಯ ಹಣದಲ್ಲಿ ಒಂದು ಪಾಲು ಕೊಟ್ಟಿದ್ದ. ಬಸ್ಸು ಓಡಿಸಿ ಸೊಂಟ ಸವೆಸಿ ಕೂಡಿಟ್ಟ ಹಣ. ಎಲ್ಲ ಮುಳುಗುತ್ತಿದೆ ಎಂದು ಗೊತ್ತಾದಾಗ ಅವಳು ಮೊದಲು ಮಾಡಿದ ಕೆಲಸವೆಂದರೆ ವ್ಯಾನು ಮಾರಿ ಅಷ್ಟನ್ನೂ ಅಣ್ಣನ ಕೈಗೆ ಹಾಕಿದ್ದು. ಅದಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ಆ ಹಣದಲ್ಲಿ ಅಣ್ಣ ಮನೆಯ ಮೇಲೆ ಬಾಡಿಗೆಗೊಂದು ಕೋಣೆ ಎಬ್ಬಿಸಲು ಶುರುಮಾಡಿದ್ದ.

"ಬರೆದ್ರೆ ಏನಾಗುತ್ತೆ?"

"ಬರೀದಿದ್ರೆ ಯಾರು ನೋಡ್ತಾರೆ?" ಎಂದ ಅವನು.

"ಸ್ವಲ್ಪ ಇರಿ, ಬಂದೆ," ಎಂದವಳು ಅವನಿಗೆ ಕೊಡಬೇಕಾದ್ದನ್ನು ಕೊಟ್ಟು, ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದಳು.

ಆ ಸಂಜೆ ಅಂಗಡಿಯಲ್ಲಿ ಕೂತವಳಿಗೆ ಕರಿ ಕೋಟು ಯಾರದೆಂದು ಒಮ್ಮೆಗೇ ಹೊಳೆಯಿತು. ಟೈರ್ ಅಂಗಡಿಯ ಮೇಲಿನ ವಕೀಲೆಯದು. ಕೋಟು ತಲುಪಿಸುವ ನೆಪ ಸಿಕ್ಕಿತು. ಮರುದಿನ ಅದನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟಾಗ, ಯಾರನ್ನೋ ಕೈಹಿಡಿದು ಕರೆದೊಯ್ಯುತ್ತಿದ್ದೇನೆ ಎನಿಸಿತು.

ವಕೀಲೆಯ ಕೋಣೆಯಲ್ಲಿ ರಬ್ಬರಿನ ವಾಸನೆ. ಕನ್ನಡಕ ಹಣೆಗೇರಿಸಿಕೊಂಡು ಕಾಗದಗಳನ್ನು ನೋಡಿ, ಅಣ್ಣನಿಗೆ ಹಣ ಕೊಟ್ಟದ್ದನ್ನೂ ಕೇಳಿ ತಿಳಿದುಕೊಂಡು ಆಕೆ ಬಿಡಿಸಿ ಹೇಳಿದಳು.

"ನೋಡಿ, ಇದನ್ನ ಎಲ್ಲರೂ ವಕೀಲರ ಕೈಲೇ ಮಾಡಿಸ್ಬೇಕು ಅಂತಿಲ್ಲ. ಬರೀ ಕಾರ್ಡಿನ ಸಾಲ ಇದೆ, ಮನೆ ಮಠ ಇಲ್ಲ, ಯಾರೂ ಕೇಸು ಹಾಕಿಲ್ಲ ಅಂದ್ರೆ ಕೋರ್ಟಿನ ಗುಮಾಸ್ತರನ್ನ ಕೇಳ್ಕೊಂಡು ನೀವೇ ತುಂಬಬಹುದು. ನಾನೇ ಎಷ್ಟೋ ಜನರನ್ನ ಹಾಗೆ ವಾಪಸ್ ಕಳಿಸಿದ್ದೀನಿ. ನಿಮ್ಮದು ಹಾಗಲ್ಲ. ಫೈನಾನ್ಸಿನವರು ಆಗಲೇ ದಾವೆ ಹಾಕಿದ್ದಾರೆ. ವ್ಯಾಪಾರದ್ದು, ಮನೇದು ಎರಡೂ ಸಾಲ ಕಲಸಿಹೋಗಿದೆ. ಮೇಲಾಗಿ ನಿಮ್ಮಣ್ಣಂಗೆ ಕೊಟ್ಟಿದ್ದೀರಿ."

"ಅದು ಅವನದೇ ದುಡ್ಡು ಮೇಡಂ. ಕದ್ದು ಕೊಟ್ಟಿಲ್ಲ."

"ಕದ್ದಿದ್ದೀರಿ ಅಂತ ಯಾರೂ ಅನ್ನಲ್ಲ. ಆದ್ರೆ ಕೋರ್ಟಿನ ಲೆಕ್ಕದಲ್ಲಿ ಸಾಲ ಕೊಟ್ಟವರೆಲ್ಲ ಒಂದೇ ಸಾಲಲ್ಲಿ ನಿಂತಿರ್ತಾರೆ. ನೀವು ನಿಮ್ಮಣ್ಣನ್ನ ಮಾತ್ರ ಕರೆದು ಮುಂದೆ ನಿಲ್ಲಿಸಿದ್ರಿ. ಕೋರ್ಟಿಂದ ಒಬ್ಬ ಅಧಿಕಾರಿ ಬರ್ತಾರೆ, ಆ ದುಡ್ಡನ್ನ ಅವರು ವಾಪಸ್ ಕೇಳ್ತಾರೆ."

"ಹೇಳದೇ ಇದ್ರೆ?"

"ವ್ಯಾನ್ ಮಾರಿದ್ದು ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಆಗ ಸುಳ್ಳು ಪ್ರಮಾಣ ಮಾಡಿದ ಹಾಗಾಗುತ್ತೆ. ಸಾಲ ಮನ್ನಾ ಆಗೋದಿರ್ಲಿ, ಬೇರೆ ಕೇಸು ಮೈಮೇಲೆ ಬರುತ್ತೆ." ವಕೀಲೆ ಕನ್ನಡಕ ಇಳಿಸಿದಳು. "ವ್ಯಾನ್ ಮಾರೋಕೆ ಮುಂಚೆ ಬರಬೇಕಿತ್ತು ನೀವು. ಎಲ್ಲರೂ ಹಾಗೇ, ಮಾಡೋದೆಲ್ಲ ಮಾಡಿ ಆಮೇಲೆ ಬರ್ತಾರೆ."

ಫೀಸಿನ ಮಾತು ಬಂದಾಗ ಲಾಂಡ್ರಿ ಅಕ್ಕ ಇನ್ನೂ ಒಂದು ಕಾರ್ಡು ಉಳಿದಿದೆ ಎಂದಳು.

"ಅದನ್ನ ಮುಟ್ಟಬೇಡಿ. ತೀರಿಸಲ್ಲ ಅಂತ ಗೊತ್ತಿದ್ದೂ ಸಾಲ ತಗೊಂಡ್ರೆ ಅದು ಮೋಸ. ಆ ಸಾಲ ಮನ್ನಾನೂ ಆಗಲ್ಲ. ನನ್ನ ಫೀಸು ಸ್ವಲ್ಪ ಸ್ವಲ್ಪ ಕೊಡಿ. ಈ ಕೋಟಿನದು ಎಷ್ಟಾಯ್ತು? ಅದನ್ನ ಅದರಲ್ಲಿ ಹಿಡ್ಕೊಳ್ಳಿ."

ಅಲ್ಲಿಂದ ಅವಳು ನೆಟ್ಟಗೆ ಅಣ್ಣನ ಮನೆಗೆ ಹೋದಳು. ಮನೆಯ ಮೇಲೆ ಕಂಬಗಳಿಂದ ಕಬ್ಬಿಣದ ಸರಳುಗಳು ಆಕಾಶದ ಕಡೆ ಚಾಚಿಕೊಂಡಿದ್ದವು. ಅಣ್ಣ ಹೊಸ ಇಟ್ಟಿಗೆಗೆ ನೀರು ಹಾಕುತ್ತಿದ್ದ. ಅವಳು ಹೇಳುವುದನ್ನೆಲ್ಲ ಹೇಳಿದಳು. ಅವನು ಪೈಪು ಕೆಳಗಿಟ್ಟ. ನೀರು ಸುಮ್ಮನೆ ಹರಿದು ಮೆಟ್ಟಿಲಿಳಿಯಿತು.

"ನನ್ನ ಹೆಸರು ಬರೀಬೇಡ ಪುಟ್ಟೀ."

"ಬರೀದೇ ಇದ್ರೆ ನಾನು ಸಿಕ್ಕಿಹಾಕ್ಕೋತೀನಿ ಅಣ್ಣಾ."

"ಬರೆದ್ರೆ ನಾನು ಸಿಕ್ಕಿಹಾಕ್ಕೋತೀನಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನೀನು ಕೊಟ್ಟಾಗ ನಾನು ಕೇಳಿದ್ನಾ? ನೀನೇ ತಂದು ತುರುಕಿದೆ. ಈಗ ಕೋರ್ಟಿನವರನ್ನ ಕಳಿಸ್ತೀಯಾ?"

ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ.

ಕೊನೆಗೆ ಲಾಂಡ್ರಿ ಅಕ್ಕ ಅಣ್ಣನ ಹೆಸರು ಬರೆಸಿದಳು. ಪ್ರಮಾಣ ಮಾಡುವಾಗ ತನ್ನ ದನಿ ಬೇರೆ ಯಾರದೋ ಎನ್ನುವಂತೆ ಅವಳಿಗೆ ಕೇಳಿಸಿತು. ಅರ್ಜಿ ದಾಖಲಾಗಿ, ಸಾಲ ಕೊಟ್ಟವರು ಇನ್ನು ಮುಂದೆ ಅವಳನ್ನು ಕಾಡಬಾರದೆಂದು ಕೋರ್ಟಿನ ಆದೇಶ ಹೋಯಿತು. ಫೋನಿನ ದನಿ ನಿಂತಿತು. ಅಷ್ಟು ದಿನ ಬೇಡಿಕೊಂಡಿದ್ದ ಮೌನ ಬಂದ ಮೇಲೆ ಅವಳಿಗೆ ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಊಟಕ್ಕೆ ಕೂತಾಗ, ಆಯ್ತಾ ಅಮ್ಮಾ ಎಂದು ಯಾರೋ ಕಿವಿಯ ಹತ್ತಿರವೇ ಕೇಳಿದಂತಾಗಿ ಎದ್ದು ಬೀದಿಗೆ ಇಣುಕುತ್ತಿದ್ದಳು.

ಕೋರ್ಟು ನೇಮಿಸಿದ ಅಧಿಕಾರಿ, ತೆಳ್ಳನೆಯ, ನೆಗಡಿಯಾಗಿದ್ದ ಮನುಷ್ಯ, ಮೂಗು ಒರೆಸಿಕೊಳ್ಳುತ್ತಲೇ ಅಂಗಡಿಯನ್ನೆಲ್ಲ ನೋಡಿದ. ಇಸ್ತ್ರಿ ಪೆಟ್ಟಿಗೆ, ಮೇಜು, ಮನೆಯ ಪಾತ್ರೆ, ಹಾಸಿಗೆ ಅವಳಿಗೇ ಉಳಿಯುತ್ತವೆ ಎಂದ, ದುಡಿದು ತಿನ್ನಬೇಕಲ್ಲ ಎಂದು. ಕಂಬಿಯ ಬಟ್ಟೆಗಳ ಮುಂದೆ ನಿಂತು, "ಇವು ನಿಮ್ಮದೂ ಅಲ್ಲ, ಸಾಲ ಕೊಟ್ಟವರದೂ ಅಲ್ಲ. ಯಾರದೋ ಅವರಿಗೆ ಮುಟ್ಟಿಸಿ," ಎಂದ.

ಹಾಗೆ ಅವಳು ಬಟ್ಟೆ ಹೊತ್ತು ಮನೆಮನೆ ಅಲೆದಳು. ಕೆಲವರು ಮರೆತೇಬಿಟ್ಟಿದ್ದರು. ಕೆಲವರು ದಪ್ಪಗಾಗಿದ್ದರು, ನಕ್ಕರು. ಒಂದು ಮನೆಯಲ್ಲಿ ಬಾಗಿಲು ತೆಗೆದ ಹೆಂಗಸು ಬೂದು ಬಣ್ಣದ ಪ್ಯಾಂಟನ್ನು ನೋಡಿ ಚೌಕಟ್ಟು ಹಿಡಿದುಕೊಂಡಳು. "ಇದನ್ನ ಎಲ್ಲೆಲ್ಲೋ ಹುಡುಕಿದ್ರು ಅವರು, ನಾನೇ ಕಳೆದುಹಾಕಿದೆ ಅಂತ ಎಷ್ಟು ಬೈದ್ರು," ಎಂದಳು. ಅವರು ಎಲ್ಲಿದ್ದಾರೆ ಎಂದು ಲಾಂಡ್ರಿ ಅಕ್ಕ ಕೇಳಬೇಕಾಗಲಿಲ್ಲ. ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತರು. ಕೊನೆಗೆ ಆ ಹೆಂಗಸು ಪ್ಯಾಂಟಿನ ಮಡಿಕೆಯ ಮೇಲೆ ಬೆರಳಾಡಿಸಿ, "ಇಸ್ತ್ರಿ ಚೆನ್ನಾಗಿದೆ," ಎಂದು ಬಾಗಿಲು ಮುಂದೆ ಮಾಡಿದಳು. ಬೀದಿಯ ತಿರುವಿನವರೆಗೂ ಲಾಂಡ್ರಿ ಅಕ್ಕನಿಗೆ ಬೆನ್ನ ಹಿಂದೆ ಯಾರೋ ಬರಿಗಾಲಲ್ಲಿ ಬರುತ್ತಿದ್ದಂತೆ ಅನ್ನಿಸುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಅಣ್ಣನ ಸರದಿ ಬಂತು. ಅಧಿಕಾರಿಯ ಕಚೇರಿಯ ಬೆಂಚಿನಲ್ಲಿ ಅವನು ಒಂದು ತುದಿ, ಅವಳು ಇನ್ನೊಂದು ತುದಿ. ಅವನು ಬಸ್ಸು ಓಡಿಸುವಾಗ ಹಾಕುತ್ತಿದ್ದ ಶರಟನ್ನೇ ಹಾಕಿಕೊಂಡು ಬಂದಿದ್ದ. ವಕೀಲೆ ಅಧಿಕಾರಿಯ ಜೊತೆ ಬಹಳ ಹೊತ್ತು ಮಾತಾಡಿದಳು. ಹಣ ಕೋಣೆಗೆ ಹಾಕಿ ಆಗಿದೆ, ಇಟ್ಟಿಗೆ ಕಿತ್ತು ಕೊಡಲಾಗುವುದಿಲ್ಲ, ಮುದುಕನ ಮೇಲೆ ದಾವೆ ಹಾಕಿದರೆ ಖರ್ಚೇ ಜಾಸ್ತಿ ಎಂದಳು. ಕೊನೆಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅದೂ ಕಂತಿನಲ್ಲಿ, ವಾಪಸ್ ಕಟ್ಟಿದರೆ ಸಾಕು ಎಂದು ತೀರ್ಮಾನವಾಯಿತು. ಅಣ್ಣ ಸಹಿ ಹಾಕಿದ. ಪೆನ್ನು ವಾಪಸು ಕೊಡುವಾಗ ಅಧಿಕಾರಿಗೆ, "ತಂಗಿ ಅಂತ ಇದ್ದವಳು ಒಬ್ಬಳೇ," ಎಂದ. ಹೊರಗೆ ಹೋಗುವಾಗ ಅವಳ ಮುಂದೆಯೇ ಹಾದುಹೋದ.

ಆರೇಳು ತಿಂಗಳಿಗೆ ಕೋರ್ಟು ಅವಳ ಸಾಲಗಳನ್ನು ಮನ್ನಾ ಮಾಡಿತು. ಬಾಕಿ ಉಳಿದ ತೆರಿಗೆ ಮಾತ್ರ ಹೋಗಲಿಲ್ಲ. ಅದು ಹೋಗುವುದಿಲ್ಲವೆಂದು ವಕೀಲೆ ಮೊದಲೇ ಹೇಳಿದ್ದಳು. ಇನ್ನು ಹಲವು ವರ್ಷ ಬ್ಯಾಂಕಿನವರು ಅವಳ ಹೆಸರು ಕಂಡರೆ ಹುಬ್ಬು ಗಂಟಿಕ್ಕುತ್ತಾರೆ, ಅದೂ ಗೊತ್ತಿತ್ತು.

"ಅಣ್ಣಂದು?" ಎಂದು ಕೇಳಿದಳು ಲಾಂಡ್ರಿ ಅಕ್ಕ. "ಅವನು ಕೋರ್ಟಿಗೆ ವಾಪಸ್ ಕಟ್ಟಿದ್ದು?"

"ಅವರಿಗೂ ಉಳಿದವರ ಹಾಗೆ ಒಂದು ಪಾಲು ಸಿಕ್ತು, ಚಿಲ್ಲರೆ. ಮಿಕ್ಕಿದ್ದು ಕಾನೂನಿನ ಪ್ರಕಾರ ಮುಗೀತು. ಇನ್ನು ಯಾರೂ ನಿಮ್ಮನ್ನ ಕೊಡಿ ಅನ್ನೋ ಹಾಗಿಲ್ಲ."

"ಕೊಡಬೇಡಿ ಅಂತಾರಾ?"

ವಕೀಲೆ ಫೈಲು ಮುಚ್ಚಿದಳು. "ಇಲ್ಲ. ಹಾಗೂ ಯಾರೂ ಅನ್ನಲ್ಲ."

ಲಾಂಡ್ರಿ ಅಕ್ಕ ಈಗ ದೊಡ್ಡಾಸ್ಪತ್ರೆಯ ಒಗೆಯುವ ವಿಭಾಗದಲ್ಲಿ ಸಂಬಳಕ್ಕಿದ್ದಾಳೆ. ತಿಂಗಳ ಮೊದಲ ವಾರ ಸಂಬಳದ ಒಂದು ಪಾಲನ್ನು ಲಕೋಟೆಯಲ್ಲಿಟ್ಟುಕೊಂಡು ಅಣ್ಣನ ಮನೆಗೆ ಬಸ್ಸು ಹಿಡಿಯುತ್ತಾಳೆ. ಮೊದಲ ಸಲ ಹೋದಾಗ ಅಣ್ಣ ಒಳಗೆದ್ದು ಹೋದ. ಅತ್ತಿಗೆ ಲಕೋಟೆ ಇಸಿದುಕೊಂಡು, ಎಣಿಸದೆ, "ಚಹಾ ಕುಡಿ," ಎಂದಳು. ಎಷ್ಟೋ ತಿಂಗಳು ಹಾಗೆಯೇ ನಡೆಯಿತು. ಕುಡಿಯುತ್ತ ಕೂತವಳಿಗೆ ನೆತ್ತಿಯ ಮೇಲೆ ಆ ಅರೆಬರೆ ಕೋಣೆಯ ಭಾರ ಗೊತ್ತಾಗುತ್ತಿತ್ತು. ಗಾಳಿ ಬೀಸಿದರೆ ಸರಳುಗಳು ಕಿರುಗುಟ್ಟುತ್ತಿದ್ದವು, ಮೇಲೆ ಯಾರೋ ಬಾಡಿಗೆಗೆ ಬಂದು ಓಡಾಡುತ್ತಿರುವಂತೆ.

ಆಮೇಲೊಂದು ತಿಂಗಳು ಅವಳು ಹೋದಾಗ ಅಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಕೈಯಲ್ಲಿ ಅಳತೆ ಟೇಪು.

"ಬಾ ಇಲ್ಲಿ," ಎಂದ. ಕರೆದದ್ದು ತನ್ನನ್ನೇ ಎಂದು ಅವಳಿಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಲೆ ಹೋದಳು. ಮೊಣಕಾಲೆತ್ತರದ ಗೋಡೆಯೊಳಗೆ ಇಬ್ಬರೂ ನಿಂತರು. ಪುಟ್ಟೀ ಎನ್ನಲಿಲ್ಲ ಅವನು, ಮುಖವನ್ನೂ ನೋಡಲಿಲ್ಲ.

"ಕಿಟಕಿ ಎಲ್ಲಿ ಇಡಬೇಕು ಅಂತ ಮೇಸ್ತ್ರಿ ಕೇಳ್ತಿದ್ದಾನೆ. ಗಾಳಿ ಯಾವ ಕಡೆಯಿಂದ ಬರುತ್ತೆ, ಜನ್ಮವೆಲ್ಲ ಬಟ್ಟೆ ಒಣಗಿಸಿದವಳು ನೀನು. ಹೇಳು."

ಅವಳು ಹೇಳಿದಳು. ಅವನು ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. ಅಳತೆ ಹಿಡಿದು ಇಟ್ಟಿಗೆಯ ಮೇಲೆ ಸುಣ್ಣದ ತುಂಡಿನಿಂದ ಗುರುತು ಹಾಕಿದ. ಆ ಗೋಡೆ ಈಗ ಸೊಂಟದೆತ್ತರಕ್ಕೆ ಬಂದಿದೆ. ದುಡ್ಡಿದ್ದ ತಿಂಗಳು ಒಂದೆರಡು ಸಾಲು ಏರುತ್ತದೆ, ಇಲ್ಲದ ತಿಂಗಳು ಇಲ್ಲ.