ಎರಡು ಇಂಚು ಎತ್ತರ

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಅದೂ ಓದಿದ್ದಷ್ಟೇ. ದೆಹಲಿಗೆ ಬಂದ ಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಚರಂಡಿ, ಕಾಂಪೌಂಡುಗಳ ಕಡತಗಳಿಗೆ ಷರಾ ಬರೆಯುವುದೇ ನನ್ನ ಕೆಲಸವಾಗಿತ್ತು. ಆದರೂ ಅಲ್ಲಿನ ಕನ್ನಡದವರಿಗೆಲ್ಲ ನಾನು ‘ಇಂಜಿನಿಯರ್ ಸಾರ್’. ಯಾರ ಮನೆಯ ಗೀಸರ್ ಕೆಟ್ಟರೂ, ಯಾರು ಹಳೆ ಸ್ಕೂಟರ್ ಕೊಳ್ಳಬೇಕಾದರೂ ಮೊದಲು ನನಗೇ ಫೋನು. ಇಲ್ಲಿನ ಮಿಸ್ತ್ರಿಗಳು ನಮ್ಮಂಥವರಿಗೆ ಟೋಪಿ ಹಾಕಲೆಂದೇ ಕಾದು ಕೂತಿರುತ್ತಾರೆ, ನಮ್ಮವರೊಬ್ಬರು ಜೊತೆಗಿದ್ದರೆ ಒಳ್ಳೆಯದು ಎನ್ನುವುದು ಆಗ ನಮ್ಮೊಳಗೆ ಒಂದು ಪದ್ಧತಿಯೇ ಆಗಿಹೋಗಿತ್ತು. ನನಗೇನೂ ಬೇಸರವಿರಲಿಲ್ಲ. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು.

ಮುನಿರ್ಕಾದಲ್ಲಿ ಹಾಸನದ ಕಡೆಯ ಅಡುಗೆಯವರೊಬ್ಬರಿದ್ದರು. ನಮ್ಮವರ ನಾಮಕರಣ, ಸೀಮಂತ, ಶ್ರಾದ್ಧ ಎಲ್ಲಕ್ಕೂ ಅವರದೇ ಕೈ. ಮನೆಯಲ್ಲೇ ಅಡುಗೆ ಮಾಡಿ, ದೊಡ್ಡ ಪಾತ್ರೆಗಳಿಗೆ ತುಂಬಿ, ಒಂದು ಹಳೆ ಪಿಕಪ್ಪಿನಲ್ಲಿ ತಂದು ಬಡಿಸುತ್ತಿದ್ದರು. ಗಾಡಿ ಓಡಿಸುವುದು ಅವರ ಭಾಮೈದ. ಅವರು ಮಾತ್ರ ಹಿಂದೆ ಪಾತ್ರೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ಹುಳಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದುಕೊಂಡು ಬರುತ್ತಿದ್ದರು. ಆ ಪಾತ್ರೆಯನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ.

ದ್ವಾರಕಾದಲ್ಲಿ ನಮ್ಮ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಅವರನ್ನೇ ಗೊತ್ತು ಮಾಡಿದೆ. ಅವರು ರಾಗ ಎಳೆದರು.

“ಸಾರ್, ನಿಮ್ಮ ಸೊಸೈಟಿ ಗೇಟಲ್ಲಿ ಆ ಹಂಪ್ ಇದೆಯಲ್ಲ, ಅಲ್ಲಿ ಗಾಡಿ ಮೂತಿ ಉಜ್ಜುತ್ತೆ. ಹೋದ್ಸಲ ಅರ್ಧ ಪಾತ್ರೆ ಸಾರು ಚೆಲ್ಲಿಹೋಯ್ತು. ಸ್ಪ್ರಿಂಗ್ ಮೇಲೆ ಏನೋ ಸ್ಪೇಸರ್ ಅಂತ ಕೂರಿಸಿದ್ರೆ ಗಾಡಿ ಎತ್ತರ ಆಗುತ್ತಂತೆ. ಹಾಕಿಸಬಹುದಾ? ಸಸ್ಪೆನ್ಷನ್ನಿಗೆ ಏನೂ ತೊಂದರೆ ಆಗಲ್ವಾ?”

“ನಾಳೆ ನೋಡಿ ಹೇಳ್ತೀನಿ” ಎಂದೆ. ನನಗೆ ಸ್ಪೇಸರ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಮರುದಿನ ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದೆ. ಯಾವುದೋ ಅಮೆರಿಕದವರ ಪುಟ ಸಿಕ್ಕಿತು. ಮುಂದಿನ ಸ್ಪ್ರಿಂಗಿನ ನೆತ್ತಿಯ ಮೇಲೆ ಲೋಹದ ದಪ್ಪ ಬಿಲ್ಲೆ ಕೂರಿಸಿ ಗಾಡಿ ಎತ್ತುವುದು, ಇದು ಸುರಕ್ಷಿತ ಎಂದಿತ್ತು. ಅದರ ಕೆಳಗೆ ‘ಆದರೆ’ ಎಂದು ಶುರುವಾಗುವ ಉದ್ದದ ಪ್ಯಾರಾ ಇತ್ತು. ಅಷ್ಟರಲ್ಲಿ ಸಾಹೇಬರು ಕರೆದರು, ಎದ್ದು ಹೋದೆ. ಆ ಪ್ಯಾರಾ ಓದಲೇ ಇಲ್ಲ ಮಹರಾಯ!

ಪಾಲಂ ರಸ್ತೆಯಲ್ಲಿದ್ದ ಒಬ್ಬ ಸರ್ದಾರ್ಜಿ ಮಿಸ್ತ್ರಿಯ ಹತ್ತಿರ ಹೋದೆವು. ವಯಸ್ಸಾದ ಮನುಷ್ಯ. ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ ಎದ್ದು ಬಂದರು.

“ಸಾಬ್, ಏಕ್ ಇಂಚ್ ತಕ್ ಠೀಕ್ ಹೈ” ಎಂದರು. ಒಂದು ಇಂಚು ಎತ್ತರಿಸಿ ಅಲೈನ್‌ಮೆಂಟ್ ಮಾಡಿಸಿಕೊಂಡರೆ ಯೋಚನೆಯಿಲ್ಲ. ಎರಡಾದರೆ ಚಕ್ರ ಹಿಡಿದಿರುವ ಆರ್ಮ್ ತೀರಾ ಓರೆಯಾಗುತ್ತದೆ, ಅದರ ತುದಿಯ ಬಾಲ್ ಜಾಯಿಂಟಿನ ಮೇಲೆ ಭಾರ ಬೀಳುತ್ತದೆ, ಶಾಕ್ ಅಬ್ಸಾರ್ಬರಿನ ಉದ್ದ ಸಾಲುವುದಿಲ್ಲ. ಈ ಗಾಡಿಯ ಜಾಯಿಂಟುಗಳು ಮೊದಲೇ ಸವೆದಿವೆ, ಬದಲಾಯಿಸದೆ ನಾನು ಎರಡು ಇಂಚು ಹಾಕುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು.

ನನಗೆ ಒಂದೊಂದು ಮಾತೂ ಅರ್ಥವಾಯಿತು. ಆದರೆ ‘ಎರಡು ಇಂಚು ಹಾಕಿಸಿಬಿಡೋಣ, ನಾನಿದ್ದೀನಲ್ಲ’ ಎಂದು ಅಡುಗೆಯವರಿಗೆ ದಾರಿಯುದ್ದಕ್ಕೂ ಬಡಾಯಿ ಕೊಚ್ಚಿಕೊಂಡು ಬಂದಿದ್ದೆ. ಈಗ ಗ್ರೀಸ್ ಮೆತ್ತಿದ ಕೈಯವನೊಬ್ಬ ನನಗೆ ಪಾಠ ಹೇಳುವುದೇ? ಮೈ ಉರಿಯಿತು.

“ಏನಂತೆ ಸಾರ್?” ಎಂದು ಅಡುಗೆಯವರು ಕೇಳಿದರು.

“ಏನಿಲ್ಲ. ಎರಡು ಇಂಚು ಆರಾಮಾಗಿ ಹಾಕಬಹುದು. ಅದರ ನೆಪದಲ್ಲಿ ನಾಲ್ಕು ಹೊಸ ಸಾಮಾನು ತಲೆಗೆ ಕಟ್ಟೋಣ ಅಂತ ನೋಡ್ತಿದಾನೆ. ಇವರದೆಲ್ಲ ನನಗೆ ಗೊತ್ತಿಲ್ವಾ!”

ಅಡುಗೆಯವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ “ನೀವು ಹೇಳಿದ ಮೇಲೆ ಮುಗೀತು ಸಾರ್” ಎಂದರು. ಮಿಸ್ತ್ರಿ ಮತ್ತೆ ಬೇಡ ಎಂದರು. ನಾನು ದನಿ ಏರಿಸಿದೆ, ನಾನು ಸರ್ಕಾರಿ ಇಂಜಿನಿಯರ್ ಎಂದೆ. ಅವರು ತಲೆ ಕೊಡವಿ, ಎರಡು ಇಂಚಿನದನ್ನೇ ಕೂರಿಸಿದರು.

ಗೃಹಪ್ರವೇಶದ ದಿನ ಹೋಮ ಮುಗಿದು ನೆಂಟರೆಲ್ಲ ಎಲೆ ಹಾಕುವುದನ್ನೇ ಕಾಯುತ್ತಿದ್ದರು. ಗೇಟಿನ ಕಡೆಯಿಂದ ದಡಾರ್ ಎಂದು ಸದ್ದು ಬಂತು. ಓಡಿದೆ. ಹಂಪ್ ದಾಟಿ ಇಳಿಯುವಾಗ ಮುಂದಿನ ಎಡಗಡೆಯ ಬಾಲ್ ಜಾಯಿಂಟ್ ಕಿತ್ತುಬಂದು, ಚಕ್ರ ಹೊರಕ್ಕೆ ಮಗುಚಿ, ಗಾಡಿ ಮೊಣಕಾಲೂರಿದ ಎತ್ತಿನ ಹಾಗೆ ಕುಸಿದಿತ್ತು. ಹಿಂದೆ ಹುಳಿಯ ಪಾತ್ರೆ ಉರುಳಿತ್ತು. ಅಡುಗೆಯವರ ಬಲಗೈ ಮೊಣಕೈಯಿಂದ ಬೆರಳಿನ ತುದಿಯವರೆಗೆ ಬೆಂದುಹೋಗಿತ್ತು. ಅವರು ಕೂಗಲಿಲ್ಲ. “ಅಯ್ಯೋ, ಹುಳಿ ಹೋಯ್ತಲ್ಲ ಸಾರ್, ಎಲೆ ಹಾಕೋ ಹೊತ್ತಲ್ಲಿ” ಎಂದರು.

ಆ ಕೈ ಮತ್ತೆ ಸೌಟು ಹಿಡಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅವರ ಸಂಸಾರವೆಲ್ಲ ನಿಂತಿದ್ದದ್ದು ಆ ಕೈಯ ಮೇಲೆ. ನನಗೆ ಅನ್ನ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ನಮ್ಮವರೇ ಮೂರು ಜನ ಸಿಟ್ಟಿನಿಂದ ಕುದಿಯುತ್ತ ನನ್ನನ್ನೂ ಎಳೆದುಕೊಂಡು ಮಿಸ್ತ್ರಿಯ ಅಂಗಡಿಗೆ ಹೋದರು. ಬಾಯಿಗೆ ಬಂದಂತೆ ಬೈದರು. ಮಿಸ್ತ್ರಿ ನನ್ನ ಕಡೆ ತಿರುಗಿದರು.

“ಸಾಬ್, ಆಪ್ ಬೋಲೋ. ಮೈನೇ ಮನಾ ಕಿಯಾ ಥಾ ಕಿ ನಹೀಂ?”

ಬೇಡ ಅಂದಿದ್ದೆನೋ ಇಲ್ಲವೋ, ನೀವೇ ಹೇಳಿ ಎನ್ನುತ್ತಿದ್ದರು. ನಾಲ್ಕು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

“ಯಾದ್ ನಹೀಂ” ಎಂದೆ. ನೆನಪಿಲ್ಲವಂತೆ! ಥೂ, ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅವರು ಕೈಯ ಗ್ರೀಸು ಒರೆಸಿಕೊಂಡರು. “ಚಲೋ, ಠೀಕ್ ಹೈ” ಎಂದು ಗಾಡಿ ತರಿಸಿಕೊಂಡು, ಬಿಲ್ಲೆಗಳನ್ನು ತೆಗೆದು, ಹೊಸ ಜಾಯಿಂಟು ಹಾಕಿ, ದುಡ್ಡು ಏನೂ ತೆಗೆದುಕೊಳ್ಳದೆ ಕಳಿಸಿದರು. ವಾಪಸ್ಸು ಬರುವಾಗ ನಮ್ಮವರು “ನೀವಿದ್ದದ್ದಕ್ಕೆ ಆಯ್ತು ಸಾರ್, ಇಲ್ದಿದ್ರೆ ಈ ಕಳ್ಳ ಒಪ್ತಾನೇ ಇರಲಿಲ್ಲ” ಎಂದರು. ಆ ಅಂಗಡಿಗೆ ಯಾರೂ ಹೋಗಬೇಡಿ ಎಂದು ಆರ್.ಕೆ. ಪುರದಿಂದ ದ್ವಾರಕಾದವರೆಗೆ ಸುದ್ದಿ ಹಬ್ಬಿಸಿದರು. ನಾನು ಅದಕ್ಕೂ ತಲೆಯಾಡಿಸಿದೆ.

ಐದು ತಿಂಗಳಾದ ಮೇಲೆ ಅಡುಗೆಯವರು ಮತ್ತೆ ಒಲೆ ಹಚ್ಚಿದರೆಂದು ಕೇಳಿ ಮುನಿರ್ಕಾಕ್ಕೆ ಹೋದೆ. ಸೌಟನ್ನು ಎಡಗೈಗೆ ಬದಲಾಯಿಸಿಕೊಂಡಿದ್ದರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ತಪ್ಪು ನಂದು. ಆ ಮಿಸ್ತ್ರಿ ಎರಡು ಇಂಚು ಬೇಡ ಅಂತಲೇ ಹೇಳಿದ್ದ. ನಾನು ನಿಮಗೆ ಸುಳ್ಳು ಹೇಳ್ದೆ” ಎಂದೆ.

ಅವರು ಒಗ್ಗರಣೆ ಇಳಿಸಿ, ಉರಿ ಸಣ್ಣ ಮಾಡಿದರು.

“ಗೊತ್ತು ಸಾರ್. ಅವತ್ತೇ ಗೊತ್ತಾಯ್ತು. ಹನ್ನೊಂದು ವರ್ಷದಿಂದ ಮಂಡಿಯಲ್ಲಿ ತರಕಾರಿ ಚೌಕಾಸಿ ಮಾಡ್ತಿದೀನಿ, ಅಷ್ಟು ಹಿಂದಿ ಬರಲ್ವಾ ನನಗೆ?”

“ಮತ್ತೆ ಯಾಕೆ ಸುಮ್ನಿದ್ರಿ?” ಎಂದೆ.

“ಅವನ ಮುಂದೆ ನಿಮ್ಮ ಮಾತು ತೆಗೆದುಹಾಕೋದು ಹೇಗೆ ಸಾರ್? ರಜ ಹಾಕಿ ನನಗೋಸ್ಕರ ಬಂದಿದ್ರಿ. ನಮ್ಮೋರು, ಓದಿದೋರು, ಅವನಿಗಿಂತ ಹೆಚ್ಚಿಗೆ ತಿಳಿದಿರುತ್ತೆ ಅಂದ್ಕೊಂಡೆ.” ಎಡಗೈಯಲ್ಲಿ ಸೌಟಾಡಿಸುತ್ತ ಮುಂದುವರಿಸಿದರು. “ಹೋದ ತಿಂಗಳು ಮಿಸ್ತ್ರಿಯವರ ಅಂಗಡಿಗೆ ಹೋಗಿದ್ದೆ. ತಪ್ಪಾಯ್ತು ಅಂತ ಕೇಳ್ಕೊಂಡು ಬಂದೆ. ನಿಮ್ಮ ಮೇಲೆ ಹಾಕಲಿಲ್ಲ. ಎರಡು ಇಂಚಿಗೆ ನಿಮ್ಮ ಹತ್ತಿರ ಹಠ ಹಿಡಿದದ್ದು ನಾನೇ ಅಂದೆ.”

ನೀವೂ ಒಂದು ಸಲ ಹೋಗಿ ಬನ್ನಿ ಎಂದು ಅವರು ಹೇಳಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ.

ಮಿಸ್ತ್ರಿಯ ಅಂಗಡಿ ನನ್ನ ಕಚೇರಿಯ ಬಸ್ಸಿನ ದಾರಿಯಲ್ಲೇ ಇತ್ತು. ಮುಂದೆ ಮೂರು ವರ್ಷ ನಾನು ಬಸ್ಸಿನಲ್ಲಿ ಆ ಕಡೆಯ ಕಿಟಕಿಗೆ ಕೂರಲಿಲ್ಲ.