ಸೈರಾಕನ್ ಟೀಚರ ಆಲೂಗಡ್ಡೆ
ನಮ್ಮ ನಾರಿನ್ ಊರಿನಲ್ಲಿ ಮೇಷ್ಟರ ಹೊಲದ ಆಲೂಗಡ್ಡೆಯನ್ನು ಶಾಲೆಯ ಮಕ್ಕಳೇ ಅಗೆಯುವುದು ಹಳೆಯ ರೂಢಿ. ಆದ್ದರಿಂದ ಲೆಕ್ಕದ ಟೀಚರ್ ಸೈರಾಕನ್ ಹೈಸ್ಕೂಲು ಮಕ್ಕಳಿಂದ ಇಂಟರ್‌ನೆಟ್ಟಿನಲ್ಲಿ ಪಾಠ ಬರೆಸುತ್ತಿದ್ದಾರೆ ಎಂದು ಕೇಳಿದಾಗಲೇ ನನಗೆ ಅನುಮಾನ ಬಂತು. ದುಡಿಮೆ ನನ್ನ ಮಗಳು ಮೇರಿಮಳದು, ಹೆಸರು ಈಕೆಯದು! ಶಾಲೆಗೆ ನುಗ್ಗಿದೆ.

"ನನ್ನ ಮಗಳ ಹೆಸರೆಲ್ಲಿದೆ, ತೋರ್ಸಿ!"

"ಮೊದ್ಲು ಚಾ ಕುಡೀರಿ, ಟೊಕ್ತೊಬೆಕಣ್ಣ."

"ಚಾ ಹುಯ್ದು ಬಾಯಿ ಮುಚ್ಚಿಸ್ಬೇಡಿ!"

ಟೀಚರ್ ಕಂಪ್ಯೂಟರನ್ನು ನನ್ನತ್ತ ತಿರುಗಿಸಿದರು. ಅವರೇ ಬರೆದ ಪಾಠಕ್ಕೆ ಅಡ್ಡಗೆರೆ ಎಳೆದು ಮೇರಿಮ್ ಕೆಳಗೆ ಬರೆದಿದ್ದಳು: "ಟೀಚರ್, ಇದು ಯಾರ್ಗೂ ಅರ್ಥ ಆಗಲ್ಲ. ನಾನೇ ಬೇರೆ ಬರ್ದಿದ್ದೀನಿ."

"ದೊಡ್ಡೋರು ಬರೆದಿದ್ದಕ್ಕೆ ಗೆರೆ ಎಳೀತಾಳಾ? ಮನೆಗೆ ಬರ್ಲಿ!"

"ಮಕ್ಕಳು ತಿದ್ಲಿ ಅಂತಾನೇ ಹಾಕಿದ್ದು ಕಣಣ್ಣ."

ಪುಟದ ಕೊನೆಯಲ್ಲಿ ಮಕ್ಕಳ ಹೆಸರುಗಳಷ್ಟೇ ಇದ್ದವು. ಹೆಸರೂ ಬೇಡವೆಂದರೆ ಈಕೆಗೆ ಇನ್ನೇನು ಬೇಕು? ಮಕ್ಕಳಿಂದ ಆಲೂಗಡ್ಡೆ ಅಗೆಸುವುದೇ ಇರಬೇಕು. ಅಗೆಯುವ ಕಾಲಕ್ಕೆ ಅವರ ಹೊಲಕ್ಕೆ ಹೋಗಿ ಬೇಲಿಯಾಚೆಯಿಂದ ಇಣುಕಿದೆ. ಟೀಚರ್ ಒಬ್ಬರೇ ಅಗೆಯುತ್ತಿದ್ದರು.